ಜೂನ್ ಒಂದನೇ ತಾರೀಖಿನ ಮುತ್ತು

ಹಳಿಯಾಳ
ರವಿವಾರ, ೧೮ ನವೆಂಬರ್ ೧೯೭೯

ಪ್ರೀತಿಯ ಚನಬಸೂ,

ಅವ್ವನ ಆಶೀರ್ವಾದ. ‘ಇಲ್ಲಿ ನಾವೆಲ್ಲ ಕ್ಷೇಮ, ಅಲ್ಲಿ ನಿನ್ನ ಕ್ಷೇಮಕ್ಕೆ ಬರೆ’ ಎಂದು ಶುರು ಮಾಡುವುದನ್ನು ಮುಲ್ಕಿ ಪರೀಕ್ಷೆಗೆ ಓದುವಾಗ ನಮ್ಮ ಮಾಸ್ತರರು ಬಾಯಿಪಾಠ ಮಾಡಿಸಿದ್ದರು. ಆದರೆ ಪುಣೆಯ ಮಿಲಿಟರಿ ದವಾಖಾನೆಯಲ್ಲಿ ಬಲಗೈಗೆ ಬ್ಯಾಂಡೇಜು ಸುತ್ತಿಕೊಂಡು ಮಲಗಿದ ಮಗನಿಗೆ ಹಾಗೆ ಬರೆಯಲು ನನಗೆ ಮನಸ್ಸಾಗುವುದಿಲ್ಲ. ಅದಕ್ಕೇ ನೆಟ್ಟಗೆ ಕೇಳುತ್ತೇನೆ. ಗಾಯ ಒಣಗುತ್ತಿದೆಯೋ ಇಲ್ಲವೋ? ಜ್ವರ ಬರುತ್ತಿಲ್ಲ ತಾನೆ? ಅನ್ನ ಕಲೆಸಲು ಬರುತ್ತಿದೆಯೋ, ಚಮಚೆ ಹಿಡಿಯುತ್ತೀಯೋ? ಎಡಗೈಯಿಂದ ಬರೆದ ನಿನ್ನ ಪತ್ರ ನೋಡಿದೆ. ಒಂದನೇ ಇಯತ್ತೆಯಲ್ಲಿ ಪಾಟಿಯ ಮೇಲೆ ನೀನು ಗೀಚುತ್ತಿದ್ದ ಅಕ್ಷರಗಳೇ ತಿರುಗಿ ಬಂದಿವೆ. ಮೊದಲು ಅದನ್ನು ನೋಡಿ ಅತ್ತೆ. ಆಮೇಲೆ ಬರೆದದ್ದೇನೆಂದು ಓದಿದೆ, ಅಳು ನಿಂತು ಸಿಟ್ಟು ಬಂತು. ಈಗಲೂ ಇಳಿದಿಲ್ಲ. ಇನ್‌ಲ್ಯಾಂಡಿನಲ್ಲಿ ಹಿಡಿಯುವ ಸಿಟ್ಟಲ್ಲ ಅದು, ಅದಕ್ಕೇ ದೊಡ್ಡ ಹಾಳೆ ತಂದು ಕುಳಿತಿದ್ದೇನೆ. ಕರೆಂಟು ಹೋಗಿ ನಮ್ಮ ಹಿಟ್ಟಿನ ಗಿರಣಿ ನಿಂತಿದೆ, ಕಟ್ಟೆಯ ಮೇಲೆ ಜೋಳದ ಡಬ್ಬಿಗಳು ಸಾಲಾಗಿ ಕೂತಿವೆ. ಕರೆಂಟು ಬರುವವರೆಗೆ ನಿನ್ನನ್ನು ಬೈಯಲು ನನಗೆ ಯಾರ ಅಡ್ಡಿಯೂ ಇಲ್ಲ.

ನೀನು ಬರೆದದ್ದರ ಸಾರ ಇಷ್ಟು: ‘ಉಂಗುರ ಕಳಿಸಿದ್ದೇನೆ, ನಾಗಲಿಂಗಪ್ಪನವರಿಗೆ ತಿರುಗಿ ಕೊಟ್ಟುಬಿಡು. ಮದುವೆ ಬೇಡ ಅಂತ ಹೇಳು. ಆ ಕಲ್ಲು ನನಗೆ ಆಗಿಬರಲಿಲ್ಲ, ಮುಂದಿನದೂ ಆಗಿಬರುವುದಿಲ್ಲ. ನೀನು ಇಲ್ಲಿಗೆ ಬರಬೇಡ, ಬಂದರೆ ಮುಖ ತೋರಿಸುವುದಿಲ್ಲ.’ ಶಾಬಾಸ್! ಉಂಗುರವೂ ಬಂದಿದೆ. ಲಾರಿಯ ಕೊಕ್ಕೆಗೆ ಸಿಕ್ಕ ಬಂಗಾರ ಸೊಟ್ಟಗಾಗಿದೆ, ಮುತ್ತಿಗೆ ಮಾತ್ರ ಒಂದು ಗೀರೂ ಬಿದ್ದಿಲ್ಲ. ಅದನ್ನು ಅಂಗೈಯಲ್ಲಿ ಇಟ್ಟುಕೊಂಡು ನಾನೂ ಸ್ವಲ್ಪ ಹೊತ್ತು ಹೆದರಿದ್ದು ನಿಜ. ಹಾಗಂತ ನಿನ್ನ ಹಾಗೆ ಗೋಡೆಯ ಕಡೆ ಮುಖ ಮಾಡಿ ಮಲಗಲಿಲ್ಲ. ನಿನಗೆ ಗೊತ್ತಿದ್ದದ್ದೇ ಆದರೂ ಎಲ್ಲವನ್ನೂ ಮೊದಲಿನಿಂದ ಹೇಳುತ್ತೇನೆ, ಏಕೆಂದರೆ ನೀನು ಬುಡ ಬಿಟ್ಟು ತುದಿ ಹಿಡಿದುಕೊಂಡು ಕೂತಿದ್ದೀ.

ಆ ಮುತ್ತು ನಮ್ಮ ಮನೆಗೆ ಬಂದದ್ದು ಹೇಗೆ? ಬಸವ ಜಯಂತಿಗೆ ನೀನು ರಜೆಯ ಮೇಲೆ ಬಂದಾಗ ನಿಶ್ಚಯ ಮಾಡಿದೆವು. ಅದಕ್ಕೆ ಮುಂಚೆ ಮುಂಡಗೋಡದಿಂದ ನಿನ್ನ ಮಾವನಾಗುವ ನಾಗಲಿಂಗಪ್ಪನವರು ನಿನ್ನ ಹುಟ್ಟಿದ ತಾರೀಖು ಕೇಳಿ ಕಳಿಸಿದ್ದರು. ನೀನು ದೊಡ್ಡ ಸಾಹೇಬನ ಹಾಗೆ ಜೂನ್ ಒಂದು ಎಂದು ಹೇಳಿ ಕಳಿಸಿದೆ. ಅವರು ಹುಬ್ಬಳ್ಳಿಯ ಸರಾಫನ ಅಂಗಡಿಗೆ ಹೋದರು. ಅವನ ಹತ್ತಿರ ಬಣ್ಣದ ಕಾರ್ಡೊಂದು ಇತ್ತಂತೆ, ಯಾವ ತಿಂಗಳಲ್ಲಿ ಹುಟ್ಟಿದವರಿಗೆ ಯಾವ ಕಲ್ಲು, ಅದರ ಗುಣ ಏನು ಅಂತ. ಜೂನ್‌ಗೆ ಮುತ್ತು. ನಿಶ್ಚಯದ ದಿನ ಅವರು ಆ ಕಾರ್ಡನ್ನು ಪುರಾಣದ ಹಾಗೆ ಓದಿ ಹೇಳಿದ್ದು ನೆನಪಿದೆಯಲ್ಲ? ಮುತ್ತು ಚಂದ್ರನದು, ತಂಪು, ಕಣ್ಣುರಿ ಹೋಗುತ್ತದೆ, ತಲೆಯ ಕಾವು ಇಳಿಯುತ್ತದೆ, ಸಿಟ್ಟು ಶಾಂತವಾಗುತ್ತದೆ. ‘ಸಿಟ್ಟಿಗೆ ಔಷಧ ಐತಿ ಅಂದ್ರ ಎರಡು ಹಾಕ್ರಿ’ ಎಂದು ನಾನು ಅಂದಾಗ ಎಲ್ಲರೂ ನಕ್ಕರು. ನೀನು ಮಾತ್ರ ಸಿಟ್ಟು ಮಾಡಿದೆ. ಒಳಗೆ ಬಾಗಿಲ ಮರೆಯಲ್ಲಿ ನಿಂತಿದ್ದ ನಾಗಲಿಂಗಪ್ಪನವರ ಮಗಳು ಗುರುಬಸವ್ವ ನಕ್ಕದ್ದನ್ನು ನಾನು ಕಂಡೆ, ನೀನು ಕಾಣಲಿಲ್ಲ.

ಇನ್ನು ಆ ಜೂನ್ ಒಂದು ಎಲ್ಲಿಂದ ಬಂತು? ನಿನ್ನನ್ನು ಶಾಲೆಗೆ ಹಚ್ಚುವ ದಿನ ಮಾಸ್ತರರು ಹುಟ್ಟಿದ ದಿನ ಕೇಳಿದರು. ‘ಬನದ ಹುಣ್ಣಿವಿ ಹಿಂದೋ ಮುಂದೋ ರೀ’ ಅಂದೆ. ‘ಅದೆಲ್ಲಾ ರಜಿಸ್ಟರದಾಗ ಕುಂದ್ರೂದಿಲ್ರಿ’ ಎಂದು ಅವರು ಜೂನ್ ಒಂದು ಬರೆದರು. ನಿನ್ನ ಮುಂದೆ ನಿಂತವನಿಗೂ ಅದನ್ನೇ ಬರೆದಿದ್ದರು, ಹಿಂದೆ ನಿಂತವನಿಗೂ ಅದನ್ನೇ ಬರೆದರು. ಶಾಲೆ ಶುರುವಾಗುವ ದಿನ ಅದು, ಲೆಕ್ಕಕ್ಕೆ ಸುಲಭ. ಹಳಿಯಾಳ ಸೀಮೆಯಲ್ಲಿ ಶಾಲೆಯ ಮೆಟ್ಟಿಲು ಹತ್ತಿದವರಲ್ಲಿ ಅರ್ಧದಷ್ಟು ಮಂದಿ ಜೂನ್ ಒಂದಕ್ಕೇ ಹುಟ್ಟಿದವರು. ಸರಾಫನ ಮಾತು ಹಿಡಿದರೆ ಅಷ್ಟೂ ಮಂದಿಗೆ ಮುತ್ತು ಪೋಣಿಸಬೇಕು. ನಿನ್ನ ಜೊತೆ ಓದಿದ ಒಬ್ಬ ಊರ ಲೆಕ್ಕ ಬರೆಯುವ ತಲಾಟಿಯಾಗಿದ್ದಾನೆ, ಒಬ್ಬ ಕಾಳಿ ಹೊಳೆಯಲ್ಲಿ ಕೊಚ್ಚಿಹೋದ, ಒಬ್ಬ ಎರಡು ಮದುವೆ ಮಾಡಿಕೊಂಡು ಇಬ್ಬರ ಕೈಯಲ್ಲೂ ಬೈಸಿಕೊಳ್ಳುತ್ತಿದ್ದಾನೆ. ಎಲ್ಲರದೂ ಒಂದೇ ತಾರೀಖು.

ಮನೆಯಲ್ಲಿ ನಿನ್ನ ಜಾತಕ ಬರೆಸಿಡಲಿಲ್ಲ ಯಾಕೆ ಎಂದು ನಿಶ್ಚಯದ ದಿನವೇ ಮುಂಡಗೋಡದವರು ಕೇಳಿದ್ದರು. ಯಾರು ಬರೆಸಬೇಕಿತ್ತು? ನಾನು ಬಾಣಂತಿ ಜ್ವರದಲ್ಲಿ ಮೈಮೇಲೆ ಎಚ್ಚರವಿಲ್ಲದೆ ಬಿದ್ದಿದ್ದೆ. ನಿನ್ನ ಅಪ್ಪ ಹೊಲ ಬಿಟ್ಟರೆ ಡಾಕ್ಟರನ ಮನೆ ಎಂದು ತಿರುಗುತ್ತಿದ್ದರು. ನಿನ್ನ ಅಜ್ಜನಂತೂ ಪಂಚಾಂಗವನ್ನು ಹೊಸ್ತಿಲೊಳಗೆ ಬಿಟ್ಟುಕೊಂಡವರೇ ಅಲ್ಲ. ಅವರು ಮಾಡಿದ್ದು ಒಂದೇ ಕೆಲಸ, ಅಯ್ಯನವರನ್ನು ಕರೆಸಿ ನಿನಗೆ ಲಿಂಗ ಕಟ್ಟಿಸಿದ್ದು. ಓಣಿಯವರು ಕೂಸಿಗೆ ಗ್ರಹದ ಉಂಗುರ, ತಾಯಿತ ಅಂತ ಏನೇನೋ ಹೇಳಿದಾಗ ‘ಕೊರಳಾಗ ಲಿಂಗ ಇರೂ ಮುಂದ ಬೆರಳಿಗೆ ಕಲ್ಲ್ಯಾಕ?’ ಅಂದರಂತೆ. ಹುಟ್ಟಿದ ಕೂಸಿಗೆ ನಮ್ಮ ಮನೆಯಲ್ಲಿ ಕಟ್ಟುವುದು ಅದೊಂದೇ. ನೀನು ಫೌಜಿಗೆ ಹೋದ ಮೇಲೂ ಅದನ್ನು ಕಳಚಿಲ್ಲವೆಂದು ನನಗೆ ಗೊತ್ತು. ಈಗಲೂ ಕೊರಳಲ್ಲಿ ಇದೆ ತಾನೆ? ಪತ್ರದಲ್ಲಿ ಅದರ ಸುದ್ದಿಯನ್ನೇ ಬರೆದಿಲ್ಲ.

ದೀಪಾವಳಿ ಮುಗಿದ ಮೇಲೆ ನಿನ್ನ ಪತ್ರ ಬಂದಾಗ ನಾನು ಅದನ್ನು ಮುಚ್ಚಿಡಲಿಲ್ಲ. ಹೆಣ್ಣು ಕೊಡುವವರಿಗೆ ತಿಳಿಯಲೇಬೇಕಾದ ಮಾತು ಅದು. ನಾನೇ ಮುಂಡಗೋಡಕ್ಕೆ ಹೇಳಿ ಕಳಿಸಿದೆ: ಹುಡುಗ ಫೌಜಿನ ಲಾರಿಯಿಂದ ಇಳಿಯುವಾಗ ಉಂಗುರದ ಬೆರಳು ಹೋಗಿದೆ, ಜೀವಕ್ಕೆ ಏನೂ ಇಲ್ಲ ಅಂತ. ಅಷ್ಟೇ ಸಾಕಾಯಿತು. ಇಲ್ಲಿ ಪಕ್ಕದ ಮನೆಯ ಸಕ್ಕುಬಾಯಿ ‘ಹುಡುಗಿ ಕಾಲ್ಗುಣಾ ನೋಡ್ರಿ, ಮದಿವಿಗೆ ಮೊದಲ ಬೆರಳ ತಿಂದ್ಲು’ ಎಂದು ಮೂಗು ಮುರಿದಳು. ಆ ನಾಲಿಗೆಗೆ ಎಲುಬಿಲ್ಲ, ಬಿಡು. ಅಲ್ಲಿ ಮುಂಡಗೋಡದಲ್ಲಿ ‘ಹುಡುಗನ ಕಡೆಯವರು ಹುಟ್ಟಿದ ದಿನಾನ ಸುಳ್ಳು ಹೇಳ್ಯಾರ, ತಪ್ಪು ಕಲ್ಲು ಬಿದ್ದೈತಿ’ ಅಂತ ಶುರುವಾಯಿತು. ನೀನು ಅಲ್ಲಿ ಮಲಗಿಕೊಂಡು ಮದುವೆ ಬೇಡ ಅಂದುಬಿಟ್ಟೆ, ನಿನಗೇನು? ಗಂಡಸು, ಬೆರಳು ಹೋದರೂ ಫೌಜಿನವನು. ಈ ಸಂಬಂಧ ಮುರಿದರೆ ಆ ಹುಡುಗಿಯನ್ನು ಬೆರಳು ತಿಂದವಳು ಎಂದು ಜನ ಕರೆಯುತ್ತಾರೆ, ಮುಂಡಗೋಡದ ಆಚೆಯ ಚಿಗಳ್ಳಿಯಿಂದ ಹಿಡಿದು ಇಲ್ಲಿಯವರೆಗೆ ಯಾರೂ ಕೇಳಲು ಬರುವುದಿಲ್ಲ. ನಾನೂ ಹೆಣ್ಣು ಹೆತ್ತಿದ್ದರೆ ಎಂದು ಯೋಚಿಸಿದೆ.

ಹೋದ ಬುಧವಾರ ನಾಗಲಿಂಗಪ್ಪನವರು ಬಂದೇಬಿಟ್ಟರು. ಜೊತೆಗೆ ಮುಂಡಗೋಡದ ಶಾಸ್ತ್ರಿಗಳು ಪಂಚಾಂಗ ಹಿಡಿದುಕೊಂಡು, ಹಿಂದೆ ಗುರುಬಸವ್ವ. ಹುಡುಗಿಯನ್ನು ಯಾಕೆ ಕರೆತಂದರು ಎಂದು ನಾನು ಗಾಬರಿಯಾದೆ. ಅವಳೇ ಹಟ ಹಿಡಿದು ಬಸ್ಸು ಹತ್ತಿದ್ದಳಂತೆ. ಗಿರಣಿ ನಡೆದಿತ್ತು, ಬಂದ್ ಮಾಡಿ ಒಳಗೆ ಕರೆದು ಕಂಬಳಿ ಹಾಸಿದೆ. ಅದೇ ಹೊತ್ತಿಗೆ ನೀನು ಕಾತ್ರಿನವ್ವ ಎಂದು ಕರೆಯುವ ಕಾತರಿನಾ ರಾಗಿ ಬೀಸಿಸಲು ಬಂದು ಕಟ್ಟೆಯ ಮೇಲೆ ಕೂತಿದ್ದಳು. ನಿನ್ನ ಸುದ್ದಿ ಕೇಳಿದಂದಿನಿಂದ ಅವಳು ದಿನ ಬಿಟ್ಟು ದಿನ ಬರುತ್ತಾಳೆ. ಅವಳ ಕೇರಿಯಲ್ಲಿ ಅಷ್ಟು ರಾಗಿ ತಿನ್ನುವವರು ಯಾರಿದ್ದಾರೆ, ಅದೊಂದು ನೆಪ. ಬಂದವಳು ‘ಪುತಾನ ಪತ್ರ ಬಂತೇನ್ರಿ ಅವ್ವಾರ’ ಎಂದು ಅವರ ಮಾತಿನಲ್ಲಿ ನಿನ್ನನ್ನು ಮಗನೆಂದೇ ಕರೆದು ಕೇಳಿ, ಇಲ್ಲವೆಂದರೆ ಕೊರಳ ಶಿಲುಬೆ ಹಿಡಿದು ಒಂದು ಗಳಿಗೆ ಕೂತು ಹೋಗುತ್ತಾಳೆ.

ನಾಗಲಿಂಗಪ್ಪನವರು ಒಳ್ಳೆಯವರೇ. ವ್ಯಾಪಾರದ ಮನುಷ್ಯ, ಮಾತು ಸುತ್ತು ಬಳಸುವುದಿಲ್ಲ. ‘ಅಕ್ಕಾರ, ಜಗಳಾ ಮಾಡಾಕ ಬಂದಿಲ್ರಿ. ಹುಡುಗನ ಖರೇ ಹುಟ್ಟಿದ ದಿನಾ ಒಂದು ಹೇಳಿಬಿಡ್ರಿ’ ಅಂದರು. ಶಾಸ್ತ್ರಿಗಳು ಗಂಟಲು ಸರಿಮಾಡಿಕೊಂಡು, ‘ಜೂನ್ ಒಂದು ಅನ್ನೂದು ಮಾಸ್ತರ ಹುಟ್ಟಿಸಿದ್ದು, ತಾಯಿ ಹುಟ್ಟಿಸಿದ್ದಲ್ಲ. ಸುಳ್ಳ ತಾರೀಖಿಗೆ ಖರೇ ಕಲ್ಲ ಹಾಕಿದ್ರ ಅದು ತಿರುಗಿ ಕಡೀತದ’ ಎಂದರು. ಆಮೇಲೆ ಒಂದೊಂದೇ ಕಲ್ಲಿನ ಕಥೆ ಹೇಳತೊಡಗಿದರು. ನೀಲವನ್ನು ಮೊದಲು ತಲೆದಿಂಬಿನ ಕೆಳಗಿಟ್ಟು ಮಲಗಬೇಕಂತೆ, ಕೆಟ್ಟ ಕನಸು ಬಿದ್ದರೆ ಮುಂಜಾನೆಯೇ ತಿರುಗಿ ಕೊಡಬೇಕಂತೆ. ಹವಳ ರಕ್ತಕ್ಕೆ ಒಳ್ಳೆಯದು, ಬಸುರಿಯರ ಕೈಯಲ್ಲಿದ್ದರೆ ಗರ್ಭ ನಿಲ್ಲುತ್ತದೆ. ಪಚ್ಚೆ ತೊದಲು ಬಿಡಿಸುತ್ತದೆ, ಫಿರೋಜಾ ತೊಟ್ಟವನಿಗೆ ರೋಗ ಬರುವ ಮುಂಚೆಯೇ ಬಣ್ಣಗೆಡುತ್ತದೆ. ನನಗೆ ನಮ್ಮ ಬಸ್ ಸ್ಟ್ಯಾಂಡಿನ ಎಲೆ ಅಡಿಕೆ ಮಾರುವವನು ನೆನಪಾದ. ಅವನ ಫಿರೋಜಾ ವರ್ಷವಿಡೀ ಬಣ್ಣಗೆಟ್ಟೇ ಇರುತ್ತದೆ, ಅವನು ಗುಂಡುಕಲ್ಲಿನ ಹಾಗೆ ಗಟ್ಟಿಯಾಗಿದ್ದಾನೆ. ಅದೇ ಬೆರಳಿನಿಂದ ದಿನವೆಲ್ಲ ಎಲೆಗೆ ಸುಣ್ಣ ಹಚ್ಚಿದರೆ ಕಲ್ಲು ಮತ್ತೇನಾಗಬೇಕು? ಬೀಗರ ಮುಂದೆ ಅದನ್ನು ಹೇಳಲಿಲ್ಲ, ನಾಲಿಗೆ ಕಚ್ಚಿಕೊಂಡು ಕೂತೆ.

‘ಬನದ ಹುಣ್ಣಿವಿ ಹಿಂದೋ ಮುಂದೋ’ ಎಂದು ನಾನು ಹಳೆಯ ಮಾತನ್ನೇ ಹೇಳಿದೆ. ಅದು ಸಾಲದು, ದಿನ ಬೇಕು ಎಂದರು ಶಾಸ್ತ್ರಿಗಳು. ಆಗ ಕಟ್ಟೆಯಿಂದ ಕಾತರಿನಾ, ಯಾರೂ ಕೇಳದಿದ್ದರೂ, ‘ಜನವರಿ ಇಪ್ಪತ್ತರೀ’ ಅಂದಳು. ‘ಸಾಂ ಬಸ್ತ್ಯಾಂವ ಅನ್ನೂ ನಮ್ಮ ಸಂತನ ಹಬ್ಬದ ದಿನಾ. ನನ್ನ ಮಗಾ ಮುಂಜಾನೆ ಹುಟ್ಟಿದಾ, ಅದಕ್ಕ ಪಾದ್ರಿ ಅವನಿಗೆ ಬಸ್ತ್ಯಾಂವ ಅಂತ ಹೆಸರಿಟ್ರು. ಚನಬಸು ಹೊತ್ತೇರಿದ ಮ್ಯಾಲೆ ಹುಟ್ಟಿದಾ.’ ನೋಡು, ಇಷ್ಟು ವರ್ಷ ಅವಳ ಮಗನ ಹಬ್ಬಕ್ಕೆ ನಾವು ಬೆಲ್ಲ ಕೊಬ್ಬರಿ ಕಳಿಸಿದ್ದೇವೆ, ಅದೇ ನಿನ್ನ ಹುಟ್ಟಿದ ದಿನವೂ ಹೌದೆಂದು ಯಾರಿಗೂ ಹೊಳೆಯಲಿಲ್ಲ. ನಾಗಲಿಂಗಪ್ಪನವರು ಅವಳ ಕಡೆ ತಿರುಗಿ, ಬೇರೆ ಮನೆಯ ಕೂಸು ಹುಟ್ಟಿದ್ದು ಅದೇ ದಿನ ಎಂದು ನೀನು ಹೇಗೆ ಹೇಳುತ್ತೀ ಎಂದು ಕೇಳಿದರು. ಅವಳು ನನ್ನ ಮುಖ ನೋಡಿದಳು.

ಚನಬಸೂ, ಆ ಮಾತು ನಮ್ಮ ಊರಲ್ಲಿ ಎಲ್ಲರಿಗೂ ಗೊತ್ತಿರುವುದೇ, ನೀನೂ ಅವಳನ್ನು ಅವ್ವ ಎಂದು ಕರೆದೇ ಬೆಳೆದವನು. ಆದರೆ ಮುಂಡಗೋಡದವರಿಗೆ ಗೊತ್ತಿರಲಿಲ್ಲ. ಲಿಂಗವಂತರ ಕೂಸು ಸಿದ್ದಿಯರ ಕ್ರಿಸ್ತಾಂವ ಹೆಂಗಸಿನ ಹಾಲು ಕುಡಿದದ್ದು ಎಂದರೆ ಎದ್ದು ಹೋಗುವ ಬೀಗರು ನಮ್ಮಲ್ಲಿ ಕಡಿಮೆ ಇಲ್ಲ. ಬೇಕಿದ್ದರೆ ಏನಾದರೊಂದು ಹೇಳಿ ತೇಲಿಸಬಹುದಿತ್ತು. ಕಾತರಿನಾ ಅದಕ್ಕೇ ನನ್ನ ಮುಖ ನೋಡಿದ್ದು. ಅವಳು ಸುಮ್ಮನಿದ್ದದ್ದು ನೋಡಿ ನನಗೆ ನಾಚಿಕೆಯಾಯಿತು. ‘ನನಗ ಜ್ವರಾ ಬಂದು ಎದಿ ಬತ್ತಿತ್ರಿ. ಅವತ್ತ ಹಡದಾಕಿ, ಅವತ್ತ ಎದ್ದು ಬಂದು ನನ್ನ ಮಗನ್ನೂ ಎದಿಗೆ ಹಾಕ್ಕೊಂಡ್ಲು. ನಾ ಏಳೂತನಾ ಎರಡೂ ಕೂಸು ಒಂದ ಹಾಲು ಕುಡದು ಬೆಳದ್ವು’ ಎಂದು ಗಟ್ಟಿಯಾಗಿಯೇ ಹೇಳಿದೆ. ನನಗೆ ಎಚ್ಚರ ಬಂದ ದಿನ ಮೊದಲು ಕಣ್ಣಿಗೆ ಬಿದ್ದದ್ದು ಅದೇ. ಅವಳ ಎದೆಯಲ್ಲಿ ನೀನು ಇದ್ದೆ, ಬಟ್ಟೆಯಲ್ಲಿ ಸುತ್ತಿ ನಿನ್ನ ಕೊರಳಿಗೆ ಕಟ್ಟಿದ್ದ ಲಿಂಗ ಅವಳ ಕೊರಳ ಶಿಲುಬೆಗೆ ತಾಗುತ್ತಿತ್ತು. ನಿನ್ನ ಅಜ್ಜ ಪಕ್ಕದಲ್ಲೇ ಕೂತು ಅವಳಿಗೆ ಗಂಜಿ ಆರಿಸಿ ಕೊಡುತ್ತಿದ್ದರು. ಅದನ್ನೂ ಹೇಳಿದೆ.

ನಾಗಲಿಂಗಪ್ಪನವರು ಹೆಗಲ ಟವೆಲ್ಲು ತೆಗೆದು ಮಡಚಿದರು, ಬಿಚ್ಚಿದರು, ಮತ್ತೆ ಮಡಚಿದರು. ಶಾಸ್ತ್ರಿಗಳು ಆ ಹೊತ್ತನ್ನು ದಾಟಿಸಲು ಪಂಚಾಂಗದ ಲೆಕ್ಕಕ್ಕೆ ಕೈಹಾಕಿದರು. ಬೆರಳು ಮಡಚಿ ಮಡಚಿ ಎಣಿಸಿದರು, ಏನೋ ಗುಣಿಸಿದರು, ಕೊನೆಗೆ ಅವರ ಮುಖವೇ ಸಣ್ಣದಾಯಿತು. ಏನಂತೆ ಗೊತ್ತೇ? ಬನದ ಹುಣ್ಣಿಮೆಯ ಮರುದಿನದ ಹುಟ್ಟು, ಕರ್ಕ ರಾಶಿ, ರಾಶಿಗೆ ಒಡೆಯ ಚಂದ್ರ, ಚಂದ್ರನ ಕಲ್ಲು ಮುತ್ತು! ಮಾಸ್ತರರು ಕಣ್ಣುಮುಚ್ಚಿ ಬರೆದ ತಾರೀಖಿಗೆ ಸರಾಫ ಕೊಟ್ಟ ಕಲ್ಲು ಶಾಸ್ತ್ರಿಗಳ ಲೆಕ್ಕದಲ್ಲಿ ಸರಿಯಾಗಿಯೇ ಇತ್ತು. ಆಗ ನಾಗಲಿಂಗಪ್ಪನವರು ಜೇಬಿನಿಂದ ಸರಾಫನ ಕಾರ್ಡು ತೆಗೆದು ಜನವರಿಯ ಮನೆ ನೋಡಿದರು. ಅಲ್ಲಿ ದಾಳಿಂಬೆ ಕಾಳಿನ ಬಣ್ಣದ ಒಂದು ಕೆಂಪು ಕಲ್ಲು, ಅದು ಪ್ರಯಾಣ ಮಾಡುವವರನ್ನು ಅಪಘಾತದಿಂದ ಕಾಯುತ್ತದೆ ಎಂದು ಬರೆದಿತ್ತು. ಸುಳ್ಳು ಯಾಕೆ ಹೇಳಲಿ. ಲಾರಿ ಓಡಿಸುವ ಮಗ, ಆ ಕೆಂಪು ಕಲ್ಲು ಕೈಯಲ್ಲಿದ್ದಿದ್ದರೆ ಎಂದು ಒಂದು ಗಳಿಗೆ ಅನ್ನಿಸಿಯೇಬಿಟ್ಟಿತು. ಪ್ರಪಂಚದ ಕಲ್ಲನ್ನೆಲ್ಲ ತಂದು ನಿನ್ನ ಮೈತುಂಬ ಕಟ್ಟಲು ನಾನು ತಯಾರಿದ್ದೆ. ತಾಯಿ ಹೊಟ್ಟೆ ಅಂದರೆ ಹಾಗೆಯೇ.

ಆದರೆ ನನ್ನ ಕಣ್ಣು ಗಿರಣಿಯ ಚಕ್ರ ತಿರುಗಿಸುವ ಪಟ್ಟಾದ ಮೇಲೆ ಹೋಯಿತು. ನೀನು ಪುಟ್ಟ ಹೆಜ್ಜೆ ಇಡುವಾಗಿನಿಂದ ನಾನು ಏನು ಹೇಳಿ ಬೆಳೆಸಿದ್ದೇನೆ? ಪಟ್ಟಾದ ಹತ್ತಿರ ಬರುವವರ ಬೆರಳಲ್ಲಿ ಉಂಗುರ ಇರಬಾರದು, ತೋಳಲ್ಲಿ ದಾರ ಜೋತಾಡಬಾರದು, ಸೆರಗು ಸೊಂಟಕ್ಕೆ ಸಿಕ್ಕಿರಬೇಕು. ನಿನ್ನ ಅಪ್ಪ ಇರುವವರೆಗೆ ಅವರ ಕೈಯ ಬೆಳ್ಳಿ ಉಂಗುರ ಗಿರಣಿಯ ಮೊಳೆಗೆ ನೇತುಹಾಕಿಯೇ ಇರುತ್ತಿತ್ತು, ಮನೆಗೆ ಹೋಗುವಾಗ ಹಾಕಿಕೊಳ್ಳುತ್ತಿದ್ದರು. ಅಂಥ ಮನೆಯಲ್ಲಿ ಹುಟ್ಟಿದವನು ನೀನು ಉಂಗುರ ತೊಟ್ಟುಕೊಂಡು ಲಾರಿಯ ಹಿಂದಿನ ಫಳಿಯ ಹಲಗೆಯಿಂದ ಜಿಗಿದೆ. ಉಂಗುರ ಕೊಕ್ಕೆಗೆ ಸಿಕ್ಕಿತು, ಮೈ ಕೆಳಗೆ ಬಂತು, ಬೆರಳು ಮೇಲೆ ಉಳಿಯಿತು. ಅದರಲ್ಲಿ ಚಂದ್ರ ಏನು ಮಾಡಬೇಕು? ಮುತ್ತಿನ ಬದಲು ಆ ಕೆಂಪು ಕಲ್ಲು ಇದ್ದಿದ್ದರೂ ಕೊಕ್ಕೆ ಬಿಡುತ್ತಿತ್ತೇ? ನಿಮ್ಮ ಡಾಕ್ಟರ್ ಕೂಡ ಉಂಗುರ ಬಿಚ್ಚಿಡಬೇಕಿತ್ತು ಎಂದು ಬೈದರೆಂದು ನೀನೇ ಬರೆದಿದ್ದೀ, ಅದನ್ನು ಒಂದು ಸಾಲಿನಲ್ಲಿ ಮುಗಿಸಿ ಕಲ್ಲಿನ ಮಾತನ್ನು ಒಂದು ಪುಟ ಬರೆದಿದ್ದೀ. ನಾನು ಬೀಗರಿಗೆ ಪಟ್ಟಾ ತೋರಿಸಿಯೇ ಇದನ್ನು ಹೇಳಿದೆ. ಇನ್ನೂ ಒಂದು ಹೇಳಿದೆ. ಕಾತರಿನಾಳ ಮಗ ಬಸ್ತ್ಯಾಂವ ಅದೇ ದಿನ ಹುಟ್ಟಿದವನು, ಅದೇ ಹಾಲು ಕುಡಿದವನು, ಅದೇ ಚಂದ್ರ ಅವನಿಗೂ. ಅವನು ಗಣೇಶಗುಡಿಯ ಡ್ಯಾಮಿನ ಕೆಲಸದಲ್ಲಿ ಬೆಳಗಿನಿಂದ ಸಂಜೆವರೆಗೆ ಕಲ್ಲು ಒಡೆಯುತ್ತಾನೆ, ಬೆರಳಿಗೆ ಮಾತ್ರ ಒಂದು ಕಲ್ಲನ್ನೂ ಹಾಕಿಲ್ಲ. ಅವನ ಹತ್ತೂ ಬೆರಳು ನೆಟ್ಟಗಿವೆ.

ಶಾಸ್ತ್ರಿಗಳು ಸುಲಭಕ್ಕೆ ಸೋಲುವವರಲ್ಲ. ‘ಕಲ್ಲ ಸರಿ ಅದ ಅಂದ ಮ್ಯಾಲೆ ವಿಧಿ ತಪ್ಪಿರಬೇಕು. ತೊಡೂಕಿಂತ ಮೊದಲ ಹಸೀ ಹಾಲಿನಾಗ ತೊಳದಿದ್ರೇನು?’ ಎಂದು ಕೇಳಿದರು. ನಾವು ತೊಳೆದಿರಲಿಲ್ಲ. ‘ನೋಡ್ರಿ, ಅದಕ್ಕ!’ ಎಂದು ಅವರು ಗೆದ್ದವರ ಹಾಗೆ ಎಲ್ಲರ ಮುಖ ನೋಡಿದರು. ಆಗ ಕಾತರಿನಾಳಿಗೆ ತಡೆಯಲಾಗಲಿಲ್ಲ. ‘ಕಲ್ಲ ತೊಳೀಲಿಲ್ಲ ಖರೇರಿ ಸ್ವಾಮೀ. ಹುಡುಗನ್ನ ತೊಳದೇವಲ್ಲ ಹಾಲಿನಾಗ, ಅದು ಲೆಕ್ಕಕ್ಕಿಲ್ಲೇನ್ರಿ?’ ಅಂದಳು. ಹೇಳಿದ ಮೇಲೆ ಅವಳೇ ಹೆದರಿ ಸೆರಗು ಬಾಯಿಗೆ ಒತ್ತಿಕೊಂಡಳು.

ಆಗ ಮಾತಾಡಿದವಳು ಗುರುಬಸವ್ವ. ಅಲ್ಲಿಯವರೆಗೆ ಅಪ್ಪನ ಹಿಂದೆ ತಲೆ ತಗ್ಗಿಸಿ ಕೂತಿದ್ದ ಹುಡುಗಿ ಎದ್ದು ಕಟ್ಟೆಗೆ ಹೋಗಿ ಕಾತರಿನಾಳ ಪಕ್ಕ ಕೂತು, ‘ಅವ್ವಾರ, ಹಾಲ ಕುಡಿಯೂ ಮುಂದ ಅವರು ಕಚ್ಚತಿದ್ರೇನ್ರಿ?’ ಎಂದು ಕೇಳಿದಳು. ಅಯ್ಯ ಶಿವನೇ, ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಕಾತರಿನಾ ಸೆರಗು ತೆಗೆದು ಹಲ್ಲು ಬಿಟ್ಟು ನಕ್ಕಳು. ‘ಕಚ್ಚತಿದ್ದ ಅಂದ್ರ ಏನ್ ಕೇಳ್ತಿ ಬಾಯ್! ನನ್ನ ಮಗಾ ಕುಡದು ನಿದ್ದಿ ಹೋಗಾಂವ. ಇಂವಾ ಕುಡಕೋಂತನ ಸಿಟ್ಟು ಮಾಡಾಂವ.’ ಗುರುಬಸವ್ವ ಅಪ್ಪನ ಕಡೆ ನೋಡಿ, ‘ಹಂಗಾರ ಸಿಟ್ಟು ಹುಟ್ಟಾ ಬಂದಿದ್ದು. ಮುತ್ತಿಗೆ ಆಗೂ ಕೆಲಸ ಅಲ್ಲ ಬಿಡ್ರಿ’ ಎಂದಳು. ನಗು ಬಂದಿದ್ದು ಮೊದಲು ನಾಗಲಿಂಗಪ್ಪನವರಿಗೆ. ಆಮೇಲೆ ಅವಳು ನಗದೆ ಇನ್ನೊಂದು ಮಾತು ಹೇಳಿದಳು. ಅದನ್ನು ನಿನಗೆ ಇದ್ದ ಹಾಗೆಯೇ ಬರೆಯುತ್ತೇನೆ, ಎರಡು ಸಲ ಓದು: ‘ಅಪ್ಪಾ, ಉಂಗುರ ಕೊಟ್ಟಾವ್ರು ನಾವು. ಅವರ ಬೆರಳ ಹೋಗೇತಿ, ಅವರು ಹೋಗಿಲ್ಲ.’

ನಾನು ಚಹಾ ಮಾಡಲು ಒಳಗೆ ಹೋದೆ, ಒಲೆಯ ಮುಂದೆ ಕಣ್ಣೊರೆಸಿಕೊಂಡೆ. ಕಪ್ಪುಗಳನ್ನು ಕಾತರಿನಾಳ ಕೈಯಲ್ಲೇ ಕೊಟ್ಟು ಕಳಿಸಿದೆ. ಬೇಕೆಂದೇ ಮಾಡಿದೆ, ಆಗುವುದಿದ್ದರೆ ಈಗಲೇ ಆಗಿಹೋಗಲಿ ಎಂದು. ಶಾಸ್ತ್ರಿಗಳಿಗೆ ಹೊರಗೆ ಚಹಾ ಕುಡಿಯುವ ರೂಢಿ ಇಲ್ಲವಂತೆ, ಬಸ್ಸಿನ ಹೊತ್ತಾಯಿತೆಂದು ಎದ್ದರು. ನಾಗಲಿಂಗಪ್ಪನವರು ಕಪ್ಪು ಹಿಡಿದು ನೋಡಿದರು, ಅವಳ ಮುಖ ನೋಡಿದರು, ಕುಡಿದರು. ಎಲ್ಲಾ ಮುಗಿಸಿ ಕಪ್ಪು ಕೆಳಗಿಟ್ಟು, ‘ಸಕ್ಕರಿ ಕಮ್ಮಿ ಆಗೇತ್ರಿ ಅಕ್ಕಾರ’ ಎಂದರು. ಅಷ್ಟೇ. ಮಾಘದ ಮುಹೂರ್ತದ ಮಾತನ್ನು ಆಮೇಲೆ ಅವರೇ ತೆಗೆದರು. ಅವರ ತಮ್ಮ ಹಾಲಿನ ವಿಷಯ ಕೇಳಿ ಮದುವೆಗೆ ಬರುವುದಿಲ್ಲ ಎಂದಿದ್ದಾರಂತೆ. ಒಂದು ಎಲೆ ಕಡಿಮೆ ಹಾಕಿದರಾಯಿತು.

ಉಂಗುರವನ್ನು ನೀನು ಹೇಳಿದ ಹಾಗೆ ತಿರುಗಿ ಕೊಟ್ಟೆ. ಕೊಟ್ಟದ್ದು ನಾಗಲಿಂಗಪ್ಪನವರ ಕೈಗಲ್ಲ, ಗುರುಬಸವ್ವನ ಕೈಗೆ. ಅವಳು ಅದನ್ನು ತಿರುಗಿಸಿ ನೋಡಿ, ‘ಬೆರಳಿನ ಮುತ್ತು ಮೂಗಿಗೆ ಬರಂಗಿಲ್ಲೇನ್ರಿ ಅತ್ತಿ?’ ಎಂದಳು. ಆಗಲೇ ನಮ್ಮ ಪತ್ತಾರನ ಹತ್ತಿರ ಹೋಗಿ ಅದನ್ನು ಮೂಗುಬಟ್ಟಿಗೆ ಕೂರಿಸಲು ಕೊಟ್ಟು ಬಂದೆವು. ಅಲ್ಲಿ ಯಾವ ಕೊಕ್ಕೆಯೂ ಅದನ್ನು ಹಿಡಿಯಲಾರದು. ಮುತ್ತಿಗೆ ನಿಜವಾಗಿ ತಂಪಿನ ಗುಣ ಇದ್ದರೆ ನಿನ್ನ ಕಣ್ಣ ಮುಂದೆ ಇದ್ದೇ ತಂಪು ಮಾಡಲಿ. ಇಲ್ಲದಿದ್ದರೂ ಅವಳ ಮುಖಕ್ಕೆ ಒಪ್ಪುತ್ತದೆ, ಅದು ಸುಳ್ಳಲ್ಲ.

ನಿನ್ನ ಮನಸ್ಸಿನಲ್ಲಿ ಇರುವುದು ಕಲ್ಲಲ್ಲ ಎಂದು ನನಗೆ ಗೊತ್ತಪ್ಪಾ. ಕೈ ನೋಡಿ ಆ ಹುಡುಗಿ ಮುಖ ತಿರುಗಿಸಿಯಾಳು ಎಂಬ ಹೆದರಿಕೆ ನಿನಗೆ. ಅದನ್ನು ಹೇಳಲಾರದೆ ಕಲ್ಲಿನ ಮೇಲೆ ಹಾಕಿದ್ದೀ. ಫೌಜಿನವರು ಲಾರಿ ಕೊಡದಿದ್ದರೆ ಬೇರೆ ಕೆಲಸ ಕೊಟ್ಟಾರು, ಮನೆಗೆ ಕಳಿಸಿದರೆ ಗಿರಣಿ ಇದೆ. ಹಿಟ್ಟು ನುಣ್ಣಗಾಯಿತೋ ಇಲ್ಲವೋ ನೋಡಲು ಹೆಬ್ಬೆರಳು, ತೋರುಬೆರಳು ಸಾಕು, ಅವೆರಡೂ ಗಟ್ಟಿಯಾಗಿವೆ. ಔಷಧ ಹೊತ್ತಿಗೆ ಸರಿಯಾಗಿ ತೊಗೋ. ಪಕ್ಕದ ಕಾಟಿನವರ ಜೊತೆ ಜಗಳ ಮಾಡಬೇಡ. ನಿನ್ನ ಡಾಕ್ಟರಿಗೂ ನರ್ಸಮ್ಮನಿಗೂ ನನ್ನ ಶರಣು ಹೇಳು. ಕಾತ್ರಿನವ್ವ ನಿನ್ನ ಹಣೆಗೆ ಮುತ್ತು ಕೊಟ್ಟಳೆಂದು ಬರೆಯಲು ಹೇಳಿದ್ದಾಳೆ. ಈ ಮುತ್ತಿಗೆ ಯಾವ ತಿಂಗಳೂ ಬೇಡ. ಶಿವ ನಿನ್ನನ್ನು ಚೆನ್ನಾಗಿಟ್ಟಿರಲಿ.

ಬೈದರೂ ನಿನ್ನವಳೇ ಆದ
ಅವ್ವ
ಕಾಶೆವ್ವ

ತಾ. ಕ.: ಕರೆಂಟು ಬಂತು, ಮಂದಿ ಕೂಗುತ್ತಿದ್ದಾರೆ, ಅವಸರದಲ್ಲಿ ಬರೆಯುತ್ತಿದ್ದೇನೆ. ಬರಬೇಡ ಅಂದಿದ್ದೀ, ಆ ಮಾತು ಕೇಳುವುದಿಲ್ಲ. ನೀನು ಇದನ್ನು ಓದುವ ಹೊತ್ತಿಗೆ ನಾವು ಅಳ್ನಾವರದಲ್ಲಿ ಪುಣೆಯ ಗಾಡಿ ಹತ್ತಿರುತ್ತೇವೆ. ನಾನು, ಕಾತರಿನಾ, ನಾಗಲಿಂಗಪ್ಪನವರು, ಗುರುಬಸವ್ವ. ಮದುವೆಗೆ ಮುಂಚೆ ಹೀಗೆ ಹೋಗುವುದು ಚೆಂದವೇ ಎಂದು ಅವಳಪ್ಪ ಕೇಳಿದ್ದಕ್ಕೆ, ಕೈಯನ್ನು ಮೊದಲು ನೋಡಿಯೇ ಅಕ್ಷತೆ ಹಾಕಿಸಿಕೊಳ್ಳುತ್ತೇನೆ, ಆ ದಿನ ಅವರು ನನ್ನ ಮುಂದೆ ಕೈ ಮುಚ್ಚಿಕೊಳ್ಳುವುದು ಬೇಡ ಅಂದಳಂತೆ. ಗಡ್ಡ ಬೋಳಿಸಿಕೊಂಡಿರು. ಅವಳು ಬಂದಾಗ ಬಲಗೈಯನ್ನು ಚಾದರದ ಮೇಲೆ ಇಟ್ಟುಕೊಂಡಿರು.